ಜೇನು ಬಿಯರ್: ಮನೆ ತಯಾರಿಕೆಯಲ್ಲಿ ಜೇನಿನ ರುಚಿ

ಜೇನು ಬಿಯರ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಸಕ್ಕರೆಯ ಜೊತೆಗೆ ಜೇನುತುಪ್ಪವನ್ನೂ ಸೇರಿಸಿ ಹುದುಗಿಸಿದ ಬಿಯರ್. ಬರೀ ಜೇನುತುಪ್ಪ ಮತ್ತು ನೀರನ್ನು ಹುದುಗಿಸಿದರೆ ಅದು ಮೀಡ್. ಬಾರ್ಲಿ ಮತ್ತು ಜೇನು ಹೆಚ್ಚುಕಡಿಮೆ ಸರಿಸಮವಾಗಿ ಬೆರೆತದ್ದನ್ನು ಬ್ರಿಟನ್ನಿನಲ್ಲಿ ಹಿಂದಿನಿಂದಲೂ ಬ್ರ್ಯಾಗಟ್ ಎನ್ನುತ್ತಾರೆ. ಬಾರ್ಲಿಯೇ ಮುಖ್ಯವಾಗಿದ್ದು ಜೇನು ಅದಕ್ಕೆ ಜೊತೆಗೂಡಿದಾಗ ಮಾತ್ರ ಜೇನು ಬಿಯರ್ ಎಂಬ ಹೆಸರು ಒಪ್ಪುತ್ತದೆ. ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸ ಬೇರೂರಿರುವ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಗಳಲ್ಲಿ ಹೊಸಬರು ಬೇಗನೆ ಕೈಹಾಕುವ ಪ್ರಯೋಗಗಳಲ್ಲಿ ಇದೂ ಒಂದು. ಬಹಳಷ್ಟು ಜನರಿಗೆ ಮೊದಲ ಸಲ ನಿರಾಸೆಯಾಗುತ್ತದೆ. ಅರ್ಧ ಕಿಲೋ ಒಳ್ಳೆಯ ಜೇನುತುಪ್ಪ ಸುರಿದರೂ ಲೋಟದಲ್ಲಿ ಜೇನಿನ ಸುಳಿವಿರುವುದಿಲ್ಲ. ಜೇನು ಹಾಕದ ಬಿಯರಿಗಿಂತ ತೆಳುವಾದ, ನಾಲಿಗೆಯ ಮೇಲೆ ಒಣಗಿದಂತಿರುವ, ತುಸು ಹೆಚ್ಚು ಅಮಲಿನ ಬಿಯರೊಂದು ಸಿಕ್ಕಿರುತ್ತದೆ, ಅಷ್ಟೆ.

ಜೇನಿನ ರುಚಿ ಎಂದು ನಾವು ಕರೆಯುವುದರಲ್ಲಿ ಎರಡು ಸಂಗತಿಗಳು ಕೂಡಿಕೊಂಡಿವೆ. ಒಂದು ಸಿಹಿ, ಇನ್ನೊಂದು ಹೂವಿನಿಂದ ಬಂದ ಪರಿಮಳ. ಇವುಗಳಲ್ಲಿ ಸಿಹಿ ಯೀಸ್ಟಿನ ಪಾಲು. ಅದನ್ನು ಬಿಯರಿನಲ್ಲಿ ಉಳಿಸಿಕೊಳ್ಳುವುದು ಹೆಚ್ಚುಕಡಿಮೆ ಅಸಾಧ್ಯ. ಪರಿಮಳವನ್ನು ಮಾತ್ರ ಉಳಿಸಿಕೊಳ್ಳಬಹುದು, ಅದೂ ಹೊತ್ತು ನೋಡಿ ಸೇರಿಸಿದರೆ. ಕಳೆದುಹೋದ ಸಿಹಿಯನ್ನು ಬಾರ್ಲಿಯ ಕಡೆಯಿಂದ ತುಂಬಿಕೊಡಬೇಕು. ಜೇನು ಬಿಯರ್ ತಯಾರಿಕೆಯ ಜಾಣ್ಮೆಯೆಲ್ಲ ಇದರಲ್ಲೇ ಇದೆ. ಹೆಚ್ಚು ರುಚಿ ಬೇಕೆಂದು ಹೆಚ್ಚು ಜೇನು ಸುರಿಯುವುದು ಅತ್ಯಂತ ದುಬಾರಿಯಾದ, ಅತ್ಯಂತ ಕಡಿಮೆ ಫಲ ಕೊಡುವ ದಾರಿ.

ಜೇನುತುಪ್ಪದ ಘಟಕಗಳು

ನೂರು ಗ್ರಾಂ ಜೇನುತುಪ್ಪದಲ್ಲಿ ಸುಮಾರು 17ರಿಂದ 18 ಗ್ರಾಂ ನೀರು, 38 ಗ್ರಾಂ ಫ್ರಕ್ಟೋಸ್, 31 ಗ್ರಾಂ ಗ್ಲೂಕೋಸ್, 7 ಗ್ರಾಂನಷ್ಟು ಮಾಲ್ಟೋಸ್ ಮತ್ತು ಅದರ ಬಳಗದ ಸಕ್ಕರೆಗಳು ಇರುತ್ತವೆ. ಉಳಿದದ್ದು ಆಮ್ಲಗಳು, ಖನಿಜಗಳು, ಪರಾಗದ ಕಣಗಳು, ಜೇನುನೊಣ ತನ್ನ ಒಡಲಿನಿಂದ ಬೆರೆಸಿದ ಕಿಣ್ವಗಳು. ಗ್ಲೂಕೋಸ್ ಮತ್ತು ಫ್ರಕ್ಟೋಸ್ ಯೀಸ್ಟಿಗೆ ಬಲು ಇಷ್ಟವಾದ ಸರಳ ಸಕ್ಕರೆಗಳು. ಅವನ್ನು ಅದು ಒಂದಿಷ್ಟೂ ಬಿಡದೆ ಮುಗಿಸುತ್ತದೆ. ಜೇನಿನ ಒಟ್ಟು ಘನಾಂಶದಲ್ಲಿ ನೂರಕ್ಕೆ 95ರಷ್ಟು ಹೀಗೆ ಮದ್ಯಸಾರ ಮತ್ತು ಅನಿಲವಾಗಿ ಬದಲಾಗುತ್ತದೆ. ಬಾರ್ಲಿಯ ರಸ ಹಾಗಲ್ಲ. ವರ್ಟ್ ಎಂದು ಕರೆಯುವ ಆ ರಸದ ಸಾರದಲ್ಲಿ ಮೂರನೇ ಒಂದು ಭಾಗದಷ್ಟು ಡೆಕ್ಸ್‌ಟ್ರಿನ್ ಮೊದಲಾದ ರೂಪಗಳಲ್ಲಿ ಹುದುಗದೆ ಉಳಿದುಬಿಡುತ್ತದೆ. ಬಿಯರಿಗೆ ಮೈಕಟ್ಟು ಕೊಡುವುದು, ಬಾಯಿ ತುಂಬಿದಂತೆ ಅನ್ನಿಸುವುದು ಇದರಿಂದಲೇ.

20 ಲೀಟರ್ ಬಿಯರಿಗೆ ಅರ್ಧ ಕಿಲೋ ಜೇನುತುಪ್ಪ ಸೇರಿಸಿದರೆ ರಸದ ಸಾಂದ್ರತೆ 1.007ರ ಲೆಕ್ಕದಲ್ಲಿ, ಅಂದರೆ 7 ಅಂಶದಷ್ಟು ಏರುತ್ತದೆ. ಹುದುಗಿದ ಮೇಲೆ ಅದರಿಂದ ನೂರಕ್ಕೆ ಸುಮಾರು ಒಂದರಷ್ಟು ಮದ್ಯಸಾರ ಹೆಚ್ಚುತ್ತದೆ. ಸಿಹಿ ಮಾತ್ರ ಹೆಚ್ಚುವುದಿಲ್ಲ. ಜೇನು ಹಾಕುತ್ತೇವೆಂದು ಬಾರ್ಲಿಯನ್ನು ಅಷ್ಟಕ್ಕಷ್ಟು ಕಡಿಮೆ ಮಾಡಿದರಂತೂ ಬಿಯರ್ ನೀರುನೀರಾಗುತ್ತದೆ. ಜೊತೆಗೆ ಜೇನಿನ ಪಿಎಚ್ 3.9ರ ಆಸುಪಾಸಿನಲ್ಲಿದ್ದು, ಅದರಲ್ಲಿರುವ ಗ್ಲುಕೋನಿಕ್ ಆಮ್ಲ ಸಿಹಿ ಹೋದ ಮೇಲೆ ತೆಳ್ಳನೆಯ ಹುಳಿಯಾಗಿ ನಾಲಿಗೆಗೆ ತಾಗುತ್ತದೆ.

ಪರಿಮಳದ ಕಥೆ ಇನ್ನೂ ಸೂಕ್ಷ್ಮ. ಜೇನಿನ ಘಮವೆಂಬುದು ಅತ್ಯಲ್ಪ ಪ್ರಮಾಣದಲ್ಲಿರುವ, ಸುಲಭವಾಗಿ ಆವಿಯಾಗುವ ಹತ್ತಾರು ಸಂಯುಕ್ತಗಳ ಕೂಟ. ಫಿನೈಲ್ ಅಸಿಟಾಲ್ಡಿಹೈಡಿನಂಥವು ಜೇನಿಗೆ ಅದರ ಸಾಮಾನ್ಯ ವಾಸನೆಯನ್ನು ಕೊಡುತ್ತವೆ. ಕಿತ್ತಳೆ ಹೂವಿನ ಜೇನಿನಲ್ಲಿರುವ ಮೀಥೈಲ್ ಆಂಥ್ರನಿಲೇಟ್‌ನಂಥವು ಇದು ಯಾವ ಹೂವಿನದೆಂದು ಹೇಳಿಕೊಡುತ್ತವೆ. ಗಂಟೆಗಟ್ಟಲೆ ಕುದಿಸಿದರೆ ಇವೆಲ್ಲ ಹಬೆಯ ಜೊತೆ ಹೊರಟುಹೋಗುತ್ತವೆ. ಅಡುಗೆಮನೆಯ ತುಂಬ ಆ ಹೊತ್ತಿನಲ್ಲಿ ಜೇನಿನ ಘಮ ಕಟ್ಟಿಕೊಂಡಿದ್ದರೆ, ಬಿಯರಿನಲ್ಲಿ ಇರಬೇಕಾದದ್ದು ಗಾಳಿಗೆ ಹೋಯಿತೆಂದೇ ಅರ್ಥ. ಕುದಿ ತಪ್ಪಿಸಿಕೊಂಡ ಪರಿಮಳಕ್ಕೆ ಹುದುಗುವಿಕೆಯಲ್ಲಿ ಇನ್ನೊಂದು ಗಂಡಾಂತರ ಕಾದಿರುತ್ತದೆ. ನೂರಕ್ಕೆ 5ರಷ್ಟು ಮದ್ಯಸಾರದ 20 ಲೀಟರ್ ಬಿಯರ್ ತಯಾರಾಗುವಷ್ಟರಲ್ಲಿ ಯೀಸ್ಟ್ ಸುಮಾರು 750 ಗ್ರಾಂ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಕೋಣೆಯ ಉಷ್ಣತೆಯಲ್ಲಿ ಅದು 400 ಲೀಟರ್ ಅನಿಲ. ಅಷ್ಟೂ ಅನಿಲ ಗುಳ್ಳೆಗುಳ್ಳೆಯಾಗಿ ಬಿಯರಿನ ಮೈಯೊಳಗಿಂದ ಹಾದುಹೋಗುವಾಗ ಪರಿಮಳವನ್ನು ಹೊತ್ತುಕೊಂಡೇ ಹೋಗುತ್ತದೆ.

ಹಿಂದಿನ ಚರಿತ್ರೆ

ಬಿಯರಿಗೆ ಜೇನು ಬೆರೆಸುವುದು ಹೊಸ ಹುಚ್ಚಲ್ಲ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವು ಬರುವ ಎಷ್ಟೋ ಕಾಲ ಮೊದಲೇ ಅದು ರೂಢಿಯಲ್ಲಿತ್ತು. ಟರ್ಕಿಯ ಗೋರ್ಡಿಯನ್ನಿನಲ್ಲಿ 1957ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ರಾಡ್ನಿ ಯಂಗ್ ತೆರೆದ ಕ್ರಿ.ಪೂ. 8ನೆಯ ಶತಮಾನದ ರಾಜಸಮಾಧಿಯೊಳಗೆ ಕಂಚಿನ ಪಾತ್ರೆಗಳ ರಾಶಿ ಸಿಕ್ಕಿತು. ಅವುಗಳ ತಳದಲ್ಲಿ ಒಣಗಿ ಅಂಟಿದ್ದ ಗಸಿಯನ್ನು ದಶಕಗಳ ನಂತರ ಪ್ಯಾಟ್ರಿಕ್ ಮ್ಯಾಕ್‌ಗವರ್ನ್ ಪರೀಕ್ಷಿಸಿದಾಗ ಬಾರ್ಲಿ ಬಿಯರ್, ದ್ರಾಕ್ಷಿ ಮತ್ತು ಜೇನಿನ ಗುರುತುಗಳು ಒಟ್ಟಿಗೇ ಕಾಣಿಸಿದವು. ಅಮೆರಿಕದ ಡಾಗ್‌ಫಿಶ್ ಹೆಡ್ ಬ್ರೂವರಿ ಅದೇ ಆಧಾರದ ಮೇಲೆ ‘ಮಿಡಾಸ್ ಟಚ್’ ಎಂಬ ಪಾನೀಯವನ್ನು ಮಾಡಿ ಮಾರಿತು. ಡೆನ್ಮಾರ್ಕಿನ ಎಗ್ಟ್‌ವೆಡ್‌ನಲ್ಲಿ 1921ರಲ್ಲಿ ಸಿಕ್ಕ ಕಂಚಿನ ಯುಗದ ಹುಡುಗಿಯೊಬ್ಬಳ ಶವಪೆಟ್ಟಿಗೆಯಲ್ಲಿ ಬರ್ಚ್ ತೊಗಟೆಯ ಪುಟ್ಟ ಡಬ್ಬಿಯಿತ್ತು. ಅದರಲ್ಲಿ ಧಾನ್ಯ, ಕಾಡುಹಣ್ಣು ಮತ್ತು ಜೇನಿನಿಂದ ಮಾಡಿದ ಪಾನೀಯದ ಉಳಿಕೆ ಇತ್ತು. ಫಿನ್‌ಲ್ಯಾಂಡಿನ ಮಹಾಕಾವ್ಯ ಕಲೇವಾಲದಲ್ಲಂತೂ ಬಿಯರ್ ಹುಟ್ಟಿದ ಕಥೆಯೇ ಬರುತ್ತದೆ. ಓಸ್ಮೋತಾರ್ ಎಂಬಾಕೆ ಮಾಡಿದ ಬಿಯರ್ ಹುದುಗೇಳುವುದೇ ಇಲ್ಲ. ಏನೇನೋ ಹಾಕಿ ನೋಡಿದ ಮೇಲೆ ಜೇನುನೊಣ ತಂದುಕೊಟ್ಟ ಜೇನು ಬಿದ್ದಾಗ ಅದು ಉಕ್ಕಿ ಪಾತ್ರೆ ಮೀರುತ್ತದೆ. ಹುದುಗುತ್ತಿರುವ ಪಾತ್ರೆಗೆ ಜೇನು ಸುರಿದು ನೊರೆ ಉಕ್ಕಿದ್ದನ್ನು ಕಂಡವರಿಗೆ ಆ ಭಾಗ ಬರೀ ಕಲ್ಪನೆ ಅನ್ನಿಸುವುದಿಲ್ಲ.

ಬವೇರಿಯದ 1516ರ ಶುದ್ಧತಾ ಕಟ್ಟಳೆ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಇಷ್ಟೇ ಸಾಕೆಂದಿತು. ಕಬ್ಬಿನ ಸಕ್ಕರೆ ಅಗ್ಗವಾದ ಮೇಲೆ ಬೇರೆ ಕಡೆಗಳಲ್ಲೂ ಜೇನು ಬಿಯರಿನ ಪಾತ್ರೆಯಿಂದ ದೂರವಾಯಿತು. ಬೆಲ್ಜಿಯಂ ಮಾತ್ರ ಈ ಕಟ್ಟಳೆಗಳಿಗೆ ತಲೆಬಾಗಲಿಲ್ಲ. ಅಲ್ಲಿನ ಲೆಫೆವ್ರ್ ಬ್ರೂವರಿಯ ‘ಬಾರ್‌ಬಾರ್’ ನೂರಕ್ಕೆ 8ರಷ್ಟು ಮದ್ಯಸಾರವಿರುವ ಹೆಸರುವಾಸಿ ಜೇನು ಬಿಯರ್.

ಮನೆ ತಯಾರಿಕೆಯ ಈಗಿನ ಅಲೆ ಕಾನೂನು ಸಡಿಲವಾದಾಗ ಎದ್ದದ್ದು. ಬ್ರಿಟನ್ 1963ರಲ್ಲಿ ಪರವಾನಗಿಯ ಅಗತ್ಯವನ್ನು ಕೈಬಿಟ್ಟಿತು. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರಿನಲ್ಲಿ ಸಹಿ ಹಾಕಿದ ಮಸೂದೆ ಮನೆಬಿಯರಿನ ಮೇಲಿನ ಒಕ್ಕೂಟ ತೆರಿಗೆಯನ್ನು ತೆಗೆದುಹಾಕಿತು. ಒಬ್ಬ ವಯಸ್ಕನಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿಯಿದ್ದರೆ 200 ಗ್ಯಾಲನ್ ಎಂಬ ಮಿತಿ ಇಂದಿಗೂ ಇದೆ. ಚಾರ್ಲಿ ಪಪೇಜಿಯನ್ 1984ರಲ್ಲಿ ಪ್ರಕಟಿಸಿದ ‘ದಿ ಕಂಪ್ಲೀಟ್ ಜಾಯ್ ಆಫ್ ಹೋಂಬ್ರೂಯಿಂಗ್’ ಪುಸ್ತಕದ ಜೇನು ಲಾಗರ್ ಒಂದು ಇಡೀ ತಲೆಮಾರಿಗೆ ಜೇನಿನ ರುಚಿ ಹಿಡಿಸಿತು. 2012ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಒಬಾಮರ ಶ್ವೇತಭವನ ತನ್ನ ಅಡುಗೆಮನೆಯ ಎರಡು ಜೇನು ಬಿಯರುಗಳ ಪಾಕವಿಧಾನಗಳನ್ನು ಸಾರ್ವಜನಿಕರ ಒತ್ತಾಯದ ಮೇರೆಗೆ ಬಿಡುಗಡೆ ಮಾಡಿತು. ಜೇನು ಬಂದದ್ದು ಶ್ವೇತಭವನದ ಅಂಗಳದ ಜೇನುಪೆಟ್ಟಿಗೆಯಿಂದ. ಅಲ್ಲಿನ ಏಲ್ ಬಿಯರಿಗೆ ಒಂದು ಪೌಂಡ್ ಜೇನನ್ನು ಕುದಿಯ ತೀರ ಕೊನೆಗೆ ಹಾಕಿ ಐದು ನಿಮಿಷ ಮಾತ್ರ ಕುದಿಸಬೇಕು. ಅದಕ್ಕೆ ಹೇಳಿರುವ ವಿಂಡ್ಸರ್ ಯೀಸ್ಟಿನ ಆಯ್ಕೆಯೂ ಗಮನಿಸುವಂಥದು. ಆ ತಳಿಗೆ ಮಾಲ್ಟೊಟ್ರಯೋಸ್ ಎಂಬ ಸಕ್ಕರೆ ಹುದುಗಿಸಲು ಬರುವುದಿಲ್ಲ, ಹಾಗಾಗಿ ಬಿಯರಿನಲ್ಲಿ ಒಂದಿಷ್ಟು ಸಿಹಿ ತಾನಾಗಿ ಉಳಿಯುತ್ತದೆ.

ಕರ್ನಾಟಕದಲ್ಲಿ ಪರಿಸ್ಥಿತಿ ಬೇರೆ. 1965ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಬಿಯರ್ ತಯಾರಿಸುವುದು, ಸ್ವಂತ ಬಳಕೆಗಾದರೂ, ಅಪರಾಧ. ಆದ್ದರಿಂದ ಇಲ್ಲಿ ವಿವರಿಸಿರುವ ಕ್ರಮಗಳು ಪರವಾನಗಿ ಪಡೆದ ಮೈಕ್ರೋಬ್ರೂವರಿಗಳಿಗೆ ಮತ್ತು ಮನೆ ತಯಾರಿಕೆಗೆ ಅನುಮತಿಯಿರುವ ದೇಶಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಅನ್ವಯಿಸುತ್ತವೆ.

ಸೇರಿಸುವ ಹೊತ್ತು

ಜೇನನ್ನು ಕುದಿಯ ಮೊದಲಿಗೆ ಹಾಕಬಹುದು, ಒಲೆ ಆರಿಸಿದ ಮೇಲೆ ಹಾಕಬಹುದು, ಹುದುಗುವಿಕೆಯ ನಡುವೆ ಹಾಕಬಹುದು, ಬಾಟಲಿಗೆ ತುಂಬುವಾಗಲೂ ಹಾಕಬಹುದು. ಮೊದಲನೆಯದರಿಂದ ಜೇನು ಬರೀ ಸಕ್ಕರೆಯಾಗಿಬಿಡುತ್ತದೆ. ಅದೇ ಸಾಕೆನ್ನುವವರು ಸಕ್ಕರೆಯನ್ನೇ ಹಾಕಿ ಹಣ ಉಳಿಸಬಹುದು. ಒಲೆ ಆರಿಸಿ, ರಸ 80 ಡಿಗ್ರಿ ಸೆಲ್ಸಿಯಸ್‌ಗೆ ಇಳಿದ ಮೇಲೆ ಹಾಕಿದರೆ ಕುದಿಯ ನಷ್ಟ ತಪ್ಪುತ್ತದೆ. ಸಾರು ಇಳಿಸಿದ ಮೇಲೆ ಕೊತ್ತಂಬರಿ ಸೊಪ್ಪು ಉದುರಿಸುವುದರ ಹಿಂದಿರುವ ತಿಳಿವಳಿಕೆ ಇಲ್ಲಿಯದೂ. ಆದರೂ ಮುಂದೆ ಬರುವ 400 ಲೀಟರ್ ಅನಿಲದ ಹೊಡೆತವನ್ನು ಆ ಪರಿಮಳ ತಡೆದುಕೊಳ್ಳಬೇಕು.

ಪರಿಮಳ ಬೇಕೆನ್ನುವವರು ಆರಿಸಿಕೊಳ್ಳಬೇಕಾದದ್ದು ಹುದುಗುವಿಕೆಯ ಇಳಿಹೊತ್ತು. ಏಲ್ ಬಿಯರಿನಲ್ಲಿ ಇದು ಸಾಮಾನ್ಯವಾಗಿ ಮೂರನೆಯ ಅಥವಾ ನಾಲ್ಕನೆಯ ದಿನ. ಮೇಲೆ ದಪ್ಪಗೆ ಎದ್ದಿದ್ದ ಕೆನೆನೊರೆ ಕುಸಿಯಲು ಶುರುವಾಗಿರುತ್ತದೆ, ಬಾರ್ಲಿಯ ಸಕ್ಕರೆಯ ಹೆಚ್ಚಿನ ಪಾಲು ಮುಗಿದಿರುತ್ತದೆ, ಅನಿಲದ ಬಹುಭಾಗ ಆಗಲೇ ಹೊರಹೋಗಿರುತ್ತದೆ. ಯೀಸ್ಟ್ ಇನ್ನೂ ಚುರುಕಾಗಿಯೇ ಇರುತ್ತದೆ. ಆಗ ಬೀಳುವ ಜೇನಿಗೆ ತನ್ನದೇ ಸಕ್ಕರೆಯಿಂದ ಹುಟ್ಟುವ ಅನಿಲದ ಕಾಟ ಮಾತ್ರ.

ಮಾಡುವ ಕ್ರಮ ಇದು. ಜೇನಿನ ಶೀಶೆಯನ್ನು 40 ಡಿಗ್ರಿಯ ಬಿಸಿನೀರಿನಲ್ಲಿ ಇಟ್ಟರೆ ಅರ್ಧ ಗಂಟೆಯಲ್ಲಿ ತುಪ್ಪ ಸಡಿಲವಾಗುತ್ತದೆ. ಕುದಿಸಿ ಆರಿಸಿದ ಅಷ್ಟೇ ನೀರಿನೊಂದಿಗೆ ಅದನ್ನು ಕದಡಿಕೊಂಡರೆ ಇನ್ನೂ ಒಳ್ಳೆಯದು. ಹಾಗೆ ಮಾಡದೆ ನೇರವಾಗಿ ಸುರಿದರೆ ಜೇನು ಎಳೆಯಾಗಿ ನೆಟ್ಟಗೆ ತಳಕ್ಕಿಳಿಯುತ್ತದೆ, ಲೀಟರಿಗೆ 1.4 ಕಿಲೋ ತೂಗುವ ದ್ರವ ಅದು. ಗಾಜಿನ ಪಾತ್ರೆಯಾದರೆ ಕೆಳಗೆ ಹೊಂಬಣ್ಣದ ಪದರವೊಂದು ನಿಂತದ್ದು ಕಾಣುತ್ತದೆ. ಮರುದಿನ ನೋಡಿದರೆ ಪದರದ ಅಂಚು ಮಸುಕಾಗಿ, ಅಲ್ಲಿಂದ ಸಣ್ಣ ಗುಳ್ಳೆಗಳು ಸಾಲಾಗಿ ಮೇಲೇಳುತ್ತಿರುತ್ತವೆ. ಎರಡು ಮೂರು ದಿನದಲ್ಲಿ ಪದರ ಕರಗಿ ಮಾಯವಾಗುತ್ತದೆ. ಸುರಿಯುವಾಗ ಅವಸರ ಸಲ್ಲದು. ಬಿಯರಿನಲ್ಲಿ ಕರಗಿ ಕುಳಿತ ಅನಿಲ ಕದಡಿದ ಕೂಡಲೇ ಬಿಡುಗಡೆಯಾಗಿ ನೊರೆ ಬಾಯಿ ಮೀರಿ ನೆಲಕ್ಕೆ ಹರಿಯುವುದುಂಟು. ಪಾತ್ರೆಯ ಮೇಲ್ಭಾಗ ಒಂದಿಷ್ಟು ಖಾಲಿಯಿರಬೇಕು. ಎತ್ತರದಿಂದ ಸುರಿದು ಗಾಳಿ ಬೆರೆಸಲೂ ಬಾರದು. ಈ ಹಂತದಲ್ಲಿ ಸೇರಿದ ಆಮ್ಲಜನಕದಿಂದ ಬಿಯರ್ ಬೇಗ ಹಳಸುತ್ತದೆ.

ಕುದಿಸದ ಜೇನಿನಿಂದ ಸೋಂಕು ತಗಲುವುದೇ ಎಂಬ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ಚಾಲ್ತಿಯಲ್ಲಿವೆ. ನೀರಿನ ಅಂಶ ಕಡಿಮೆ, ಆಮ್ಲ ಹೆಚ್ಚು. ಆದ್ದರಿಂದ ಜೇನಿನಲ್ಲಿ ಯಾವುದೂ ಬೆಳೆಯುವುದಿಲ್ಲವೆಂಬುದು ನಿಜ. ಬೆಳೆಯದಿದ್ದರೂ ಕಾಡು ಯೀಸ್ಟುಗಳು ಅದರಲ್ಲಿ ನಿದ್ದೆ ಹೋಗಿರುತ್ತವೆ. ಜೊತೆಗೆ ಡಯಾಸ್ಟೇಸ್ ಎಂಬ ಕಿಣ್ವವಿದೆ. ಪಿಷ್ಟವನ್ನು ಒಡೆಯುವ ಈ ಕಿಣ್ವ ಹಸಿಯಾಗಿ ಬಿಯರಿಗೆ ಬಿದ್ದರೆ, ಮೈಕಟ್ಟಿಗೆಂದು ಉಳಿದಿರುವ ಡೆಕ್ಸ್‌ಟ್ರಿನ್‌ಗಳನ್ನೇ ಒಡೆದು ಸಕ್ಕರೆಯಾಗಿಸುತ್ತದೆ, ಯೀಸ್ಟ್ ಅದನ್ನೂ ತಿನ್ನುತ್ತದೆ. ಜೇನನ್ನು ಮುಚ್ಚಿದ ಪಾತ್ರೆಯಲ್ಲಿ 80 ಡಿಗ್ರಿಯಲ್ಲಿ ಒಂದರಿಂದ ಒಂದೂವರೆ ಗಂಟೆ ಇಟ್ಟರೆ ಯೀಸ್ಟೂ ಕಿಣ್ವವೂ ಅಡಗುತ್ತವೆ. ಮುಚ್ಚಳವಿರುವುದರಿಂದ ಪರಿಮಳ ಬಹಳ ಹೋಗುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ಕುಡಿದು ಮುಗಿಸುವ, ತಣ್ಣಗೆ ಇಟ್ಟ ಬಿಯರಿಗೆ ಹಸಿ ಜೇನೇ ಮೇಲು. ಅದರ ಘಮಕ್ಕೆ ಸಾಟಿಯಿಲ್ಲ. ಬಾಟಲಿಯಲ್ಲಿ ತಿಂಗಳುಗಟ್ಟಲೆ ಇಡುವುದಾದರೆ ಬಿಸಿಮಾಡಿದ ಜೇನನ್ನು ಬಳಸುವುದು ಕ್ಷೇಮ.

ಪ್ರಮಾಣದ ಬಗ್ಗೆ ಹವ್ಯಾಸಿಗಳಲ್ಲಿ ಒಪ್ಪಿತವಾದ ಒಂದು ಲೆಕ್ಕವಿದೆ. ಹುದುಗುವ ಒಟ್ಟು ಸಾಮಗ್ರಿಯಲ್ಲಿ ಜೇನು ನೂರಕ್ಕೆ 3ರಿಂದ 10ರಷ್ಟಿದ್ದರೆ ಅದರ ಛಾಯೆ ಮಾತ್ರ, 11ರಿಂದ 30ರಷ್ಟಿದ್ದರೆ ಸ್ಪಷ್ಟವಾದ ರುಚಿ, ಅದಕ್ಕೂ ಮೀರಿದರೆ ಜೇನಿನದೇ ಮೇಲುಗೈ. 30 ದಾಟಿದ ಮೇಲೆ ಯೀಸ್ಟಿಗೆ ಸಾರಜನಕದ ಪೋಷಕಗಳನ್ನು ಬೇರೆಯಾಗಿ ಕೊಡಬೇಕು. ಜೇನಿನಲ್ಲಿ ಅವು ತೀರ ಕಡಿಮೆ. ಹಸಿದ ಯೀಸ್ಟ್ ಕೊಳೆತ ಮೊಟ್ಟೆಯ ವಾಸನೆ ಬಿಡಲು ತೊಡಗುತ್ತದೆ.

ಸಿಹಿಯನ್ನು ತುಂಬಿಕೊಡುವುದು

ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸುವ ಹಂತದಲ್ಲಿ ಉಷ್ಣತೆ 67ರಿಂದ 69 ಡಿಗ್ರಿಯಿದ್ದರೆ ಹುದುಗದ ಡೆಕ್ಸ್‌ಟ್ರಿನ್‌ಗಳು ಹೆಚ್ಚು ಉಳಿಯುತ್ತವೆ. ಕ್ಯಾರಮೆಲ್ ಮಾಲ್ಟ್, ಓಟ್ಸ್, ಗೋಧಿ ಇವೂ ಮೈ ತುಂಬುತ್ತವೆ. ಹಾಪ್ಸಿನ ಕಹಿಯನ್ನು, ಕಹಿಯ ಅಳತೆಯಾದ ಐಬಿಯುವಿನ ಲೆಕ್ಕದಲ್ಲಿ, 20ಕ್ಕಿಂತ ಕೆಳಗೆ ಇಟ್ಟರೆ ಉಳಿದ ಅಲ್ಪ ಸಿಹಿಯೂ ನಾಲಿಗೆಗೆ ಸಿಗುತ್ತದೆ. ಹಾಪ್ಸಿನ ಅಬ್ಬರವೇ ಜೀವಾಳವಾದ ಐಪಿಎ ಬಗೆಯ ಬಿಯರಿಗೆ ಒಳ್ಳೆಯ ಜೇನು ಸುರಿಯುವುದು ವ್ಯರ್ಥ.

ಹನಿ ಮಾಲ್ಟ್ ಎಂಬ ಒಂದು ಬಗೆಯ ಬಾರ್ಲಿ ಇಲ್ಲಿ ದೊಡ್ಡ ಉಪಕಾರಿ. ಕೆನಡಾದ ಗ್ಯಾಂಬ್ರಿನಸ್ ಸಂಸ್ಥೆಯಿಂದ ಇದು ಹೆಸರಾಯಿತು; ಜರ್ಮನಿಯ ಬ್ರೂಮಾಲ್ಟ್ ಇದರ ಮೂಲ ಮಾದರಿ. ಇದರಲ್ಲಿ ಜೇನು ಹನಿಯಷ್ಟೂ ಇಲ್ಲ. ಮೊಳಕೆಯೊಡೆಯುತ್ತಿರುವ ಬಾರ್ಲಿಗೆ ಕೊನೆಯ ಘಟ್ಟದಲ್ಲಿ ಗಾಳಿ ಸಿಗದಂತೆ ಮಾಡುತ್ತಾರೆ. ಕಾಳಿನ ಒಳಗೆ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಶೇಖರವಾಗಿ, ಒಣಗಿಸುವ ಬಿಸಿಯಲ್ಲಿ ಒಂದಕ್ಕೊಂದು ಬೆರೆತು ಜೇನನ್ನು ನೆನಪಿಸುವ ಸಿಹಿಘಮ ಹುಟ್ಟುತ್ತದೆ. ಒಟ್ಟು ಬಾರ್ಲಿಯಲ್ಲಿ ನೂರಕ್ಕೆ 5ರಿಂದ 10ರಷ್ಟು ಸಾಕು; ಹೆಚ್ಚಾದರೆ ಸಿಹಿ ಮುಖಕ್ಕೆ ಹೊಡೆಯುತ್ತದೆ. ಹನಿ ಮಾಲ್ಟಿನಿಂದ ಸಿಹಿ, ಜೇನಿನಿಂದ ಪರಿಮಳ: ಎರಡನ್ನೂ ಕೂಡಿಸಿದ ಬಿಯರ್ ಬರೀ ಜೇನು ಸುರಿದದ್ದಕ್ಕಿಂತ ಹೆಚ್ಚು ಜೇನಿನಂತಿರುತ್ತದೆ. ಕೆಲವರು ಇದನ್ನು ಮೋಸವೆಂದು ದೂರುತ್ತಾರೆ. ಕುಡಿಯುವವನಿಗೆ ಹೂವೂ ಸಿಹಿಯೂ ಒಟ್ಟಿಗೆ ಸಿಗುವುದಾದರೆ ಅದು ಕಸುಬುದಾರಿಕೆ.

ಹುದುಗುವಿಕೆ ಮುಗಿದ ಮೇಲೆ ಜೇನು ಬೆರೆಸಿ ಸಿಹಿ ಉಳಿಸಿಕೊಳ್ಳುವ ದಾರಿ ಲೋಹದ ಕೆಗ್‌ನಲ್ಲಿ ಇಟ್ಟು, ಸದಾ 2ರಿಂದ 4 ಡಿಗ್ರಿಯಲ್ಲಿ ತಣಿಸಿ ಬಳಸುವವರಿಗೆ ಮಾತ್ರ. ಬಾಟಲಿಯಲ್ಲಿ ಹೀಗೆ ಮಾಡಿದರೆ ಜೀವಂತ ಯೀಸ್ಟ್ ಅದನ್ನು ಹುದುಗಿಸುತ್ತ ಹೋಗಿ, ಒತ್ತಡ ತಾಳದೆ ಗಾಜು ಸಿಡಿಯುತ್ತದೆ. ಕಣ್ಣು ಕೈಗಳಿಗೆ ಗಾಯವಾಗುವ ಅಪಾಯ ಇದು, ಹಗುರವಾಗಿ ಕಾಣಬಾರದು. ಬಾಟಲಿಯಲ್ಲಿ ನೊರೆ ಬರಿಸಲು ಹಾಕುವ ಅಳತೆಯ ಸಕ್ಕರೆಯ ಬದಲು ಜೇನು ಹಾಕುವುದು ಬೇರೆ ಮಾತು. ಸಕ್ಕರೆಯ ತೂಕದ ಒಂದೂಕಾಲು ಪಟ್ಟು ಜೇನು ಬೇಕು. 20 ಲೀಟರಿಗೆ 120 ಗ್ರಾಂ ಸಕ್ಕರೆ ಹಾಕುವಲ್ಲಿ 150 ಗ್ರಾಂ. ಅನಿಲ ಹೊರಹೋಗುವುದಿಲ್ಲವಾದ್ದರಿಂದ ಇಷ್ಟೇ ಜೇನು ಕೂಡ ತನ್ನ ಘಮವನ್ನು ಒಂದಿಷ್ಟು ಬಿಟ್ಟುಕೊಡುತ್ತದೆ.

ಯಾವ ಜೇನು

ಅಮೆರಿಕದ ಕ್ಲೋವರ್ ಮತ್ತು ಯುರೋಪಿನ ಅಕೇಸಿಯ ಜೇನುಗಳು ತಿಳಿ, ಸಪ್ಪೆ. ಬಿಯರಿನಲ್ಲಿ ಅವುಗಳ ಗುರುತು ಸಿಗುವುದು ಕಷ್ಟ. ಕಿತ್ತಳೆ ಹೂವಿನದು ಗೋಧಿ ಬಿಯರಿಗೆ ಒಪ್ಪುತ್ತದೆ. ಬಕ್‌ವೀಟ್ ಜೇನು ಕಪ್ಪು, ಕಾಕಂಬಿಯಂಥ ಸೊಗಡಿನದು. ಪೋರ್ಟರ್, ಬ್ರೌನ್ ಏಲ್‌ಗಳ ಹುರಿದ ರುಚಿಯ ಎದುರೂ ಅದು ನಿಲ್ಲುತ್ತದೆ. ಸ್ಕಾಟ್‌ಲ್ಯಾಂಡಿನ ಹೆದರ್ ಜೇನು ಜೆಲ್ಲಿಯಂತೆ ಗಟ್ಟಿ, ಕಲಕಿದಾಗ ಮಾತ್ರ ಹರಿಯುತ್ತದೆ.

ನಮ್ಮ ಮಲೆನಾಡಿನ ಜೇನಿಗೆ ಈ ಸಾಲಿನಲ್ಲಿ ಗೌರವದ ಜಾಗ ಸಲ್ಲಬೇಕು. ಹೂಮಳೆ ಬಿದ್ದ ಮೇಲೆ ಕೆಲವೇ ದಿನ ಅರಳುವ ಕಾಫಿ ಹೂವಿನ ಕಾಲದಲ್ಲಿ ಕೊಡಗು, ಚಿಕ್ಕಮಗಳೂರಿನ ತುಡುವೆ ಪೆಟ್ಟಿಗೆಗಳಿಗೆ ಬರುವ ತುಪ್ಪ, ಒಗರುಗಹಿಯಿರುವ ನೇರಳೆಯ ತುಪ್ಪ ಇವೆಲ್ಲ ಬೇರೆಬೇರೆ ವ್ಯಕ್ತಿತ್ವದವು. ನೇರಳೆಯ ಒಗರು ಕಡುಬಣ್ಣದ ಬಿಯರಿಗೆ ಹೇಳಿ ಮಾಡಿಸಿದಂತಿದೆ. ದಕ್ಷಿಣ ಕನ್ನಡದ ರಬ್ಬರ್ ತೋಟದ ಜೇನು ಹೂವಿನದಲ್ಲ, ಎಲೆಯ ಬುಡದಲ್ಲಿ ಒಸರುವ ರಸದ್ದು. ಬೇಗ ಹರಳುಗಟ್ಟುವ, ಘಮ ಕಡಿಮೆಯಿರುವ ಈ ಜೇನು ಬಿಯರಿಗೆ ಅಷ್ಟಾಗಿ ಒಗ್ಗುವುದಿಲ್ಲ. ತುಡುವೆ, ಹೆಜ್ಜೇನುಗಳ ತುಪ್ಪದಲ್ಲಿ ನೀರಿನ ಅಂಶ ಎಷ್ಟೋ ಸಲ 20 ದಾಟಿರುತ್ತದೆ. ಅಂಥ ತುಪ್ಪ ಶೀಶೆಯಲ್ಲೇ ಹುದುಗುವುದೂ ಉಂಟು. ಹೊರದೇಶದ ಪಾಕವಿಧಾನದ ತೂಕವನ್ನೇ ನೆಚ್ಚದೆ ಹೈಡ್ರೋಮೀಟರಿನಿಂದ ಸಾಂದ್ರತೆ ಅಳೆದು ಹಾಕಬೇಕು, ಹಸಿ ತುಪ್ಪವಾದರೆ ಬಿಸಿಮಾಡಿಕೊಳ್ಳಬೇಕು.

ಹಳಸಿದ ಜೇನುಘಮ

ಜೇನು ಹಾಕದ ಬಿಯರಿನಲ್ಲೂ ಕೆಲವೊಮ್ಮೆ ಜೇನಿನ ವಾಸನೆ ಬರುತ್ತದೆ. ಗಾಳಿ ತಗಲಿ ಬಿಯರ್ ಹಳೆಯದಾದಾಗ ಫಿನೈಲ್ ಅಸಿಟಾಲ್ಡಿಹೈಡ್ ಹೆಚ್ಚುತ್ತದೆ. 2,3-ಪೆಂಟೇನ್‌ಡಯೋನ್ ಎಂಬ ಇನ್ನೊಂದು ಸಂಯುಕ್ತಕ್ಕೂ ಜೇನನ್ನು ಹೋಲುವ ವಾಸನೆಯಿದೆ. ಬೆಚ್ಚಗಿನ ಜಾಗದಲ್ಲಿ ಇಟ್ಟ ಬಾಟಲಿಗಳಲ್ಲಿ ಈ ಹಳಸಿದ ಘಮ ಬೇಗ ಕಾಣಿಸಿಕೊಳ್ಳುತ್ತದೆ. ಹೊಸಬರು ಇದನ್ನೇ ತಮ್ಮ ಜೇನು ಕೊನೆಗೂ ಹೊರಬಂತೆಂದು ತಿಳಿಯುವುದುಂಟು. ಗುರುತಿಸುವ ಬಗೆ ಸರಳ. ನಿಜವಾದ ಜೇನಿನ ಘಮ ಬಾಟಲಿಗೆ ತುಂಬಿದ ಮೊದಲ ವಾರಗಳಲ್ಲೇ ಗಾಢವಾಗಿದ್ದು, ದಿನ ಕಳೆದಂತೆ ಮಂಕಾಗುತ್ತದೆ. ಹಳಸಿದ ಘಮ ಮೊದಲು ಇರುವುದಿಲ್ಲ, ದಿನ ಕಳೆದಂತೆ ಏರುತ್ತದೆ, ಅದರ ಬೆನ್ನಿಗೇ ಒದ್ದೆ ರಟ್ಟಿನ ವಾಸನೆಯೂ ಸೇರಿಕೊಳ್ಳುತ್ತದೆ. ಒಂದೇ ಸಲದ ತಯಾರಿಕೆಯಿಂದ ಒಂದೆರಡು ಬಾಟಲಿಗಳನ್ನು ಫ್ರಿಜ್ಜಿನಲ್ಲೂ ಒಂದೆರಡನ್ನು ಹೊರಗೂ ಇಟ್ಟು, ಎರಡು ತಿಂಗಳ ಮೇಲೆ ಅಕ್ಕಪಕ್ಕ ಸುರಿದು ಮೂಸಿದರೆ ಈ ಎರಡರ ವ್ಯತ್ಯಾಸ ಮೂಗಿಗೆ ಮತ್ತೆ ಮರೆಯದಂತೆ ತಿಳಿಯುತ್ತದೆ.